ಇಂಪೋರ್ಟ್ ಆಗಿದೆ, ಪುಸ್ತಕ ಮಾತ್ರ ಕಾಣುತ್ತಿಲ್ಲ: ಕೋಹಾದಲ್ಲಿ ಪತ್ತೆ ಹಚ್ಚುವುದು ಹೇಗೆ?

‘ಎಲ್ಲಾ ಹಾಕೀವ್ರಿ ಸರ್, ಆಗೇತಿ ಅಂತನೂ ತೋರಸ್ತದ. ಹುಡುಕಿದ್ರ ಒಂದೂ ಸಿಗವಲ್ದು.’ ವಿಜಯಪುರ, ಬಾಗಲಕೋಟೆ ಕಡೆಯ ಕಾಲೇಜು ಗ್ರಂಥಪಾಲಕರ ಬಾಯಲ್ಲಿ ಈ ಮಾತು ಮೇಲಿಂದ ಮೇಲೆ ಕೇಳುತ್ತದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವುದರೊಳಗೆ ಗ್ರಂಥಾಲಯದ ಗಣಕೀಕರಣ ಮುಗಿಯಬೇಕು. ವರ್ಷಗಟ್ಟಲೆ ಎಕ್ಸೆಲ್‌ನಲ್ಲಿ ಕೂಡಿಸಿಟ್ಟ ಪುಸ್ತಕಪಟ್ಟಿಯನ್ನು ಕೋಹಾ ಎಂಬ ಗ್ರಂಥಾಲಯ ತಂತ್ರಾಂಶಕ್ಕೆ ಸೇರಿಸಿ, ಓದುಗರು ಪುಸ್ತಕ ಹುಡುಕುವ ಓಪ್ಯಾಕ್ ತೆರೆದರೆ ಖಾಲಿ ಪುಟ.

ಆಗ ಬಹಳ ಜನ ಅದೇ ಫೈಲನ್ನು ಇನ್ನೊಮ್ಮೆ ಇಂಪೋರ್ಟ್ ಮಾಡುತ್ತಾರೆ. ದಯವಿಟ್ಟು ಅದೊಂದನ್ನು ಮಾಡಬೇಡಿ. ಮೊದಲ ಸಲ ಹಾಕಿದ ದಾಖಲೆಗಳು ಎಷ್ಟೋ ವೇಳೆ ಒಳಗೇ ಕುಳಿತಿರುತ್ತವೆ. ಎರಡನೆಯ ಸಲ ಹಾಕಿದರೆ ಒಂದೊಂದು ಪುಸ್ತಕಕ್ಕೆ ಎರಡೆರಡು ದಾಖಲೆಯಾಗಿ, ಅವನ್ನು ಬೇರ್ಪಡಿಸುವುದೇ ದೊಡ್ಡ ಕೆಲಸವಾಗುತ್ತದೆ. ದಾಖಲೆ ಯಾವ ಹಂತದಲ್ಲಿ ನಿಂತಿದೆ ಎಂದು ಮೊದಲು ಕಂಡುಕೊಳ್ಳಬೇಕು.

ಇಲ್ಲಿ ಹೇಳುತ್ತಿರುವುದು ಕೋಹಾ ಕುರಿತು. ನ್ಯೂಜಿಲೆಂಡಿನಲ್ಲಿ ರೂಪುಗೊಂಡು 2000ದಲ್ಲಿ ಬಿಡುಗಡೆಯಾದ ಈ ಮುಕ್ತ ತಂತ್ರಾಂಶ ನಮ್ಮ ಕಾಲೇಜುಗಳಲ್ಲೂ ಬಳಕೆಯಲ್ಲಿದೆ. ಮೆನುವಿನ ಹೆಸರುಗಳು ಆವೃತ್ತಿಯಿಂದ ಆವೃತ್ತಿಗೆ ತುಸು ಬದಲಾಗುತ್ತವೆ. ಬೇರೆ ತಂತ್ರಾಂಶ ಬಳಸುವವರಿಗೂ ಕನ್ನಡ ಅಕ್ಷರಗಳ ಕುರಿತ ಭಾಗ ಹಾಗೇ ಅನ್ವಯಿಸುತ್ತದೆ.

ದಾಖಲೆ ಎಲ್ಲಿಯವರೆಗೆ ಬಂದಿದೆ?

ಕೋಹಾದಲ್ಲಿ ಇಂಪೋರ್ಟ್ ಎಂಬುದು ಎರಡು ಹಂತದ ಕೆಲಸ. ಮೊದಲನೆಯದು ‘ಸ್ಟೇಜ್’. ಇಲ್ಲಿ ಮಾರ್ಕ್ ಫೈಲು, ಅಂದರೆ ಪ್ರತಿ ವಿವರವನ್ನೂ ಸಂಖ್ಯೆಯಿರುವ ಕ್ಷೇತ್ರಗಳಲ್ಲಿ ಹಂಚಿಟ್ಟ ಪುಸ್ತಕಪಟ್ಟಿ, ತಾತ್ಕಾಲಿಕ ಜಾಗಕ್ಕೆ ಬಂದು ಕೂರುತ್ತದೆ, ಅಷ್ಟೆ. ಎರಡನೆಯ ಹಂತದಲ್ಲಿ ‘ಮ್ಯಾನೇಜ್ ಸ್ಟೇಜ್ಡ್ ರೆಕಾರ್ಡ್ಸ್’ ಪುಟಕ್ಕೆ ಹೋಗಿ, ಆ ಬ್ಯಾಚನ್ನು ಕ್ಯಾಟಲಾಗಿಗೆ ಸೇರಿಸುವ ಗುಂಡಿ ಒತ್ತಬೇಕು. ಸ್ಟೇಜ್ ಮುಗಿದಾಗ ಬರುವ ಸಂದೇಶ ನೋಡಿ ಕೆಲಸವೇ ಮುಗಿಯಿತೆಂದು ಎದ್ದು ಹೋಗುವವರು ಬಹಳ. ಆದ್ದರಿಂದ ಮೊದಲು ಈ ಪುಟ ತೆರೆದು ಬ್ಯಾಚಿನ ಸ್ಥಿತಿ ನೋಡಿ. ‘ಸ್ಟೇಜ್ಡ್’ ಎಂದಿದ್ದರೆ ಎರಡನೆಯ ಹಂತ ಬಾಕಿ ಇದೆ. ‘ಇಂಪೋರ್ಟೆಡ್’ ಎಂದಿದ್ದರೆ ಮುಂದೆ ಹೋಗಿ.

ಇತ್ತೀಚಿನ ಆವೃತ್ತಿಗಳಲ್ಲಿ ಈ ಎರಡೂ ಕೆಲಸ ಹಿನ್ನೆಲೆಯಲ್ಲಿ ನಡೆಯುತ್ತವೆ. ಸರ್ವರಿನಲ್ಲಿ ‘ಕೋಹಾ-ವರ್ಕರ್’ ಸೇವೆ ನಿಂತಿದ್ದರೆ ಕೆಲಸ ಸರದಿಯಲ್ಲೇ ಉಳಿಯುತ್ತದೆ. ‘ಮ್ಯಾನೇಜ್ ಜಾಬ್ಸ್’ ಪುಟದಲ್ಲಿ ಅದು ಮುಗಿದಿದೆಯೋ ಕಾಯುತ್ತಿದೆಯೋ ತಿಳಿಯುತ್ತದೆ.

ಒಳಗಿದೆ, ಹುಡುಕಿದರೆ ಸಿಗದು

ಇಂಪೋರ್ಟ್ ಆದ ಬ್ಯಾಚ್ ತೆರೆದರೆ ಪ್ರತಿ ಸಾಲಿನ ಎದುರು ದಾಖಲೆಯ ಸಂಖ್ಯೆಯ ಕೊಂಡಿ ಇರುತ್ತದೆ. ಅದನ್ನು ಒತ್ತಿ. ಪುಸ್ತಕದ ವಿವರ ತೆರೆದುಕೊಂಡರೆ ನೆಮ್ಮದಿಯಿಂದಿರಿ, ದತ್ತಾಂಶ ಎಲ್ಲೂ ಕಳೆದಿಲ್ಲ. ತೊಂದರೆ ಇರುವುದು ಸೂಚಿಯಲ್ಲಿ, ಅಂದರೆ ಇಂಡೆಕ್ಸಿನಲ್ಲಿ.

ಕೋಹಾ ಹುಡುಕುವುದು ಮೂಲ ದತ್ತಾಂಶದಲ್ಲಲ್ಲ, ಜೀಬ್ರಾ ಅಥವಾ ಇಲಾಸ್ಟಿಕ್‌ಸರ್ಚ್ ಎಂಬ ಹುಡುಕಾಟದ ತಂತ್ರಾಂಶ ಕಟ್ಟಿಕೊಡುವ ಸೂಚಿಯಲ್ಲಿ. ಸೂಚಿಯ ಸೇವೆ ಸರಿಯಾಗಿ ನಡೆಯುತ್ತಿದ್ದರೆ ಹೊಸ ದಾಖಲೆಗಳು ತಾವಾಗಿಯೇ ಸೇರುತ್ತವೆ. ದೊಡ್ಡ ಬ್ಯಾಚಾದರೆ ತುಸು ಹೊತ್ತು ಕಾಯಿರಿ. ಆಮೇಲೂ ಕಾಣದಿದ್ದರೆ, ಜೀಬ್ರಾ ಇರುವಲ್ಲಿ ‘ಕೋಹಾ-ಇಂಡೆಕ್ಸರ್’ ಸೇವೆಯನ್ನು ಮತ್ತೆ ಚಾಲೂ ಮಾಡಿಸಿ. ಅದೂ ಸಾಲದಿದ್ದರೆ ‘ಕೋಹಾ-ರೀಬಿಲ್ಡ್-ಜೀಬ್ರಾ’ ಕಮಾಂಡಿನಿಂದ ಪೂರ್ತಿ ಸೂಚಿಯನ್ನು ಹೊಸದಾಗಿ ಕಟ್ಟಿಸಿ. ಸರ್ವರ್ ನೋಡಿಕೊಳ್ಳುವವರು ಬೇರೆಯವರಾಗಿದ್ದರೆ ‘ಸಾಫ್ಟ್‌ವೇರ್ ಕೆಟ್ಟಿದೆ’ ಎನ್ನಬೇಡಿ. ‘ನಂಬರಿನಿಂದ ದಾಖಲೆ ತೆರೆಯುತ್ತದೆ, ಹುಡುಕಾಟದಲ್ಲಿ ಬರುತ್ತಿಲ್ಲ’ ಎಂದು ಇದ್ದದ್ದನ್ನು ಇದ್ದಂತೆ ಹೇಳಿ. ಅವರ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಸಿಬ್ಬಂದಿಯ ಪರದೆಯಲ್ಲಿ ಕಂಡು ಓಪ್ಯಾಕ್‌ನಲ್ಲಿ ಮಾತ್ರ ಕಾಣದಿದ್ದರೆ ದಾಖಲೆಗಳನ್ನು ಓದುಗರಿಂದ ಮರೆಮಾಡುವ ‘ಓಪ್ಯಾಕ್ ಸಪ್ರೆಶನ್’ ಸೆಟ್ಟಿಂಗ್ ಚಾಲೂ ಇದೆಯೇ, ದಾಖಲೆಯ 942ನೇ ಕ್ಷೇತ್ರದ ‘ಎನ್’ ಉಪಕ್ಷೇತ್ರದಲ್ಲಿ 1 ಬಂದಿದೆಯೇ ನೋಡಿ.

ಹೆಸರು ಬಂತು, ಪ್ರತಿ ಬರಲಿಲ್ಲ

ಪುಸ್ತಕದ ಹೆಸರು ಸಿಗುತ್ತದೆ, ಆದರೆ ಅದರಡಿ ಒಂದೂ ಪ್ರತಿ ಇರುವುದಿಲ್ಲ. ಇದಕ್ಕೆ ಕಾರಣ 952ನೇ ಕ್ಷೇತ್ರ. ಅದರ ‘ಎ’ ಮತ್ತು ‘ಬಿ’ಯಲ್ಲಿ ಗ್ರಂಥಾಲಯದ ಕೋಡ್, ‘ಪಿ’ಯಲ್ಲಿ ಬಾರ್‌ಕೋಡ್, ‘ವೈ’ಯಲ್ಲಿ ಪುಸ್ತಕದ ಬಗೆ ಇರಬೇಕು. ನಿಮ್ಮ ಫೈಲಿನಲ್ಲಿರುವ ಕೋಡ್‌ಗಳು ಕೋಹಾದಲ್ಲಿ ಮೊದಲೇ ಸೃಷ್ಟಿಸಿರುವ ಕೋಡ್‌ಗಳಿಗೆ ಅಕ್ಷರಶಃ ಹೊಂದಬೇಕು. ಸ್ಟೇಜ್ ಮಾಡುವಾಗ ಐಟಂ ವಿವರಗಳನ್ನೂ ಓದುವ ಆಯ್ಕೆಗೆ ‘ಹೌದು’ ಎಂದಿರಬೇಕು. ಒಮ್ಮೆ ಬಳಸಿದ ಬಾರ್‌ಕೋಡ್ ಮತ್ತೆ ಬಂದರೆ ಆ ಪ್ರತಿಯನ್ನು ಕೋಹಾ ಬಿಟ್ಟುಬಿಡುತ್ತದೆ, ಹಾಗೆ ಬಿಟ್ಟದ್ದು ಎಷ್ಟೆಂಬ ಲೆಕ್ಕವನ್ನೂ ಇಂಪೋರ್ಟ್ ವರದಿಯಲ್ಲಿ ಕೊಡುತ್ತದೆ. ಆ ವರದಿಯನ್ನು ಓದದೆ ಮುಚ್ಚಬೇಡಿ.

ಎಕ್ಸೆಲ್ಲಿನ ಒಂದು ಗುಣವೂ ತೊಂದರೆ ಕೊಡುತ್ತದೆ. ಗ್ರಂಥಾಲಯ ಪ್ರತಿ ಪುಸ್ತಕಕ್ಕೆ ಕೊಡುವ ಕ್ರಮಸಂಖ್ಯೆಯನ್ನು, ಅಂದರೆ 000123 ಎಂಬ ಅಕ್ಸೆಷನ್ ನಂಬರನ್ನು, ಅದು 123 ಮಾಡುತ್ತದೆ. ಅದೇ ನಂಬರಿನ ಬಾರ್‌ಕೋಡ್ ಚೀಟಿಯನ್ನು ಪುಸ್ತಕದ ಮೇಲಿಂದ ಸ್ಕ್ಯಾನ್ ಮಾಡಿದರೆ ಆ ಪುಸ್ತಕ ಇಲ್ಲ ಎನ್ನುತ್ತದೆ ಕೋಹಾ. ನಂಬರು ತುಂಬುವ ಮೊದಲೇ ಆ ಕಾಲಮ್ಮನ್ನು ‘ಟೆಕ್ಸ್ಟ್’ ಮಾಡಿಕೊಳ್ಳಿ.

ಕನ್ನಡ ಪುಸ್ತಕಗಳು ಮಾತ್ರ ಸಿಗದಿದ್ದರೆ

ನಮ್ಮ ಭಾಗದಲ್ಲಿ ನಿಜವಾದ ತೊಡಕು ಇರುವುದು ಇಲ್ಲಿ. ಇಂಗ್ಲಿಷ್ ಪುಸ್ತಕಗಳೆಲ್ಲ ಸರಿಯಾಗಿ ಬಂದು ಕನ್ನಡದವು ಮಾತ್ರ ಮಾಯವಾದರೆ, ಅವುಗಳ ಹೆಸರನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದು ಕೈತೊಳೆದುಕೊಳ್ಳುವವರಿದ್ದಾರೆ. ಇದಕ್ಕೆ ನನ್ನ ಒಪ್ಪಿಗೆಯಿಲ್ಲ. ಆ ಲಿಪಿಯಲ್ಲಿ ಲಕಾರ, ಳಕಾರ ಎರಡೂ ಒಂದೇ ಆಗುತ್ತವೆ. ಮನೆಮನೆ ತಿರುಗಿ ವಚನಗಳ ತಾಳೆಗರಿ ಕೂಡಿಸಿದ ಫ.ಗು. ಹಳಕಟ್ಟಿಯವರ ಊರಿನಲ್ಲಿ, ಅವರ ಹೆಸರನ್ನು ಕನ್ನಡದಲ್ಲಿ ಹೊಡೆದರೆ ಅವರ ಪುಸ್ತಕ ಸಿಗಲೇಬೇಕು.

ಮೊದಲ ಸಂಶಯ ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟ್‌ಗಳ ಮೇಲಿರಲಿ. ಎಕ್ಸೆಲ್‌ನಲ್ಲಿ ಕನ್ನಡವೇ ಕಾಣುತ್ತದೆ, ಆದರೆ ಒಳಗಿರುವುದು ನೆತ್ತಿಯ ಮೇಲೆ ಗೆರೆ, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳು. ಫಾಂಟಿನ ವೇಷ ಕಳಚಿದೊಡನೆ ಅವೇ ಹೊರಬೀಳುತ್ತವೆ. ಒಂದು ಸಾಲನ್ನು ಮೊಬೈಲಿನ ವಾಟ್ಸ್‌ಆ್ಯಪ್‌ಗೆ ಅಂಟಿಸಿ ನೋಡಿದರೆ ಕೂಡಲೇ ಗೊತ್ತಾಗುತ್ತದೆ. ಫಾಂಟ್ ಬದಲಿಸಿದರೆ ಇದು ಸರಿಹೋಗದು. ಪರಿವರ್ತಕ ಬಳಸಿ ಯೂನಿಕೋಡಿಗೆ ತರಬೇಕು. ತರುವ ಮುನ್ನ ಇಂಗ್ಲಿಷ್ ಸಾಲುಗಳನ್ನು ಬೇರೆ ಹಾಳೆಗೆ ತೆಗೆದಿಡಿ, ಇಲ್ಲದಿದ್ದರೆ ಅವೂ ಅರ್ಥವಿಲ್ಲದ ಕನ್ನಡವಾಗುತ್ತವೆ. ಪರಿವರ್ತನೆಯ ನಂತರ ಸೂರ್ಯ, ಧರ್ಮ, ಕೀರ್ತಿಯಂಥ ಅರ್ಕಾವತ್ತಿನ ಪದಗಳನ್ನೂ ದೀರ್ಘಗಳನ್ನೂ ಕಣ್ಣಿಟ್ಟು ನೋಡಿ. ಬೆಳಗಾವಿ ಕಡೆಯ ಗ್ರಂಥಾಲಯಗಳಲ್ಲಿ ಹಳೆಯ ಫಾಂಟಿನಲ್ಲಿರುವ ಮರಾಠಿ ಪಟ್ಟಿಗೂ ಇದೇ ಕ್ರಮ.

ಎರಡನೆಯದು ಉಳಿಸುವ ರೀತಿ. ಬರಿಯ ಸಿಎಸ್‌ವಿ ಎಂದು ಉಳಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಬಹುದು. ಆ ಫೈಲಿನಿಂದ ಅಕ್ಷರ ಮರಳಿ ಬರುವುದಿಲ್ಲ, ಮೂಲ ಎಕ್ಸೆಲ್ಲಿಗೇ ಹೋಗಬೇಕು. ಯೂನಿಕೋಡ್ ಅಕ್ಷರಗಳನ್ನು ಕೆಡದಂತೆ ಉಳಿಸುವ ‘ಸಿಎಸ್‌ವಿ ಯುಟಿಎಫ್-8’ ಆರಿಸಿ. ಪಟ್ಟಿಯನ್ನು ಮಾರ್ಕ್ ರೂಪಕ್ಕೆ ತರುವ ಮಾರ್ಕ್‌ಎಡಿಟ್‌ನಲ್ಲಿ ಫೈಲು ತಯಾರಿಸುವಾಗಲೂ, ಕೋಹಾದಲ್ಲಿ ಸ್ಟೇಜ್ ಮಾಡುವಾಗಲೂ ಯುಟಿಎಫ್-8 ಎಂದೇ ಹೇಳಿ. ದಾಖಲೆಯ ತಲೆಸಾಲಾದ ಲೀಡರಿನಲ್ಲಿ (ಸೊನ್ನೆಯಿಂದ ಎಣಿಸಿ) 9ನೇ ಸ್ಥಾನದಲ್ಲಿ ಇಂಗ್ಲಿಷಿನ ಚಿಕ್ಕ ‘ಎ’ ಇದ್ದರೆ ಅದು ಯೂನಿಕೋಡ್ ಎಂದು ಅರ್ಥ.

ಮೂರನೆಯದು ಕಣ್ಣಿಗೆ ಬೀಳದ ತಪ್ಪು. ಅನುಸ್ವಾರದ ಬದಲು ಕನ್ನಡದ ಸೊನ್ನೆ ಅಂಕಿಯನ್ನು ಹೊಡೆದಿರುತ್ತಾರೆ. ‘ಪಂಪ’ ಮತ್ತು ‘ಪ೦ಪ’, ಎರಡನ್ನೂ ದಿಟ್ಟಿಸಿ ನೋಡಿ. ಓದುವವರಿಗೆ ಒಂದೇ, ಕಂಪ್ಯೂಟರಿಗೆ ಬೇರೆಬೇರೆ. ಎಕ್ಸೆಲ್‌ನಲ್ಲಿ ‘ಫೈಂಡ್’ ಕೊಟ್ಟು ೦ ಅಂಕಿಯನ್ನು ಹುಡುಕಿ, ಪದದ ನಡುವೆ ಕಂಡಲ್ಲೆಲ್ಲ ಅನುಸ್ವಾರ ಹಾಕಿ. ಒಂದೇ ಸಲಕ್ಕೆ ಎಲ್ಲವನ್ನೂ ಬದಲಿಸಬೇಡಿ. ೧೯೫೦ ಎಂದು ಕನ್ನಡ ಅಂಕಿಯಲ್ಲಿ ಬರೆದ ಇಸವಿಗಳು ಕೆಡುತ್ತವೆ.

ಅಕ್ಷರಗಳೆಲ್ಲ ಸರಿಯಿದ್ದೂ ಕನ್ನಡ ಹುಡುಕಾಟ ತಪ್ಪುತ್ತಿದ್ದರೆ ಜೀಬ್ರಾದ ಅಕ್ಷರ ವ್ಯವಸ್ಥೆ ನೋಡಬೇಕು. ಅದು ಮೂಲದಲ್ಲಿ ಲ್ಯಾಟಿನ್ ಲಿಪಿಗೆಂದು ಹೊಂದಿಸಿದ ಸಿಎಚ್‌ಆರ್ ಕಡತ ಬಳಸುತ್ತದೆ. ಕನ್ನಡಕ್ಕೆ ಯೂನಿಕೋಡಿನ ಬೇರೆ ಲಿಪಿಗಳನ್ನೂ ಅರಿಯುವ ಐಸಿಯು ವ್ಯವಸ್ಥೆ ಬೇಕು. ಸರ್ವರ್ ನೋಡಿಕೊಳ್ಳುವವರಿಗೆ ಹೇಳಿ ಅದನ್ನು ಮಾಡಿಸಿ, ಬಳಿಕ ಪೂರ್ತಿ ಸೂಚಿಯನ್ನು ಮತ್ತೆ ಕಟ್ಟಿಸಿ.

ಮತ್ತೆ ಹಾಕುವಾಗ

ಫೈಲಿನಲ್ಲೇ ತಪ್ಪು ಸಿಕ್ಕರೆ, ಮೊದಲು ಸರ್ವರಿನ ಬ್ಯಾಕಪ್ ತೆಗೆಸಿ. ನಂತರ ಬ್ಯಾಚ್ ಪುಟದಲ್ಲಿರುವ ‘ಅನ್‌ಡೂ’ ಗುಂಡಿಯಿಂದ ಹಳೆಯ ಇಂಪೋರ್ಟನ್ನು ಹಿಂತೆಗೆಯಿರಿ. ಪುಸ್ತಕಗಳನ್ನು ವಿದ್ಯಾರ್ಥಿಗಳಿಗೆ ಕೊಡಲು ಶುರು ಮಾಡುವ ಮೊದಲೇ ಇದಾಗಬೇಕು. ತಿದ್ದಿದ ಪಟ್ಟಿಯಿಂದ ಹತ್ತೇ ಸಾಲು ಆರಿಸಿ ಇಂಪೋರ್ಟ್ ಮಾಡಿ. ಅದರಲ್ಲಿ ಒತ್ತಕ್ಷರದ ಹೆಸರು, ಅನುಸ್ವಾರದ ಹೆಸರು, ಇನಿಷಿಯಲ್ ಇರುವ ಲೇಖಕ, ಒಂದು ಇಂಗ್ಲಿಷ್ ಪುಸ್ತಕ ಇರಲಿ. ಆ ಹತ್ತನ್ನೂ ಓಪ್ಯಾಕ್‌ನಲ್ಲಿ ಕೈಯಾರೆ ಹೊಡೆದು ಹುಡುಕಿ, ಬಾರ್‌ಕೋಡ್ ಸ್ಕ್ಯಾನ್ ಮಾಡಿ. ಹತ್ತೂ ಸಿಕ್ಕ ಮೇಲೆ ಉಳಿದ ಪಟ್ಟಿಯನ್ನು ಸೇರಿಸಿ.