ನಡುವೆ ಒಂದು ಬೇವಿನ ಗಿಡ

2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿ ಬಂದವು. ಹೊಳೆ ದಂಡೆಯ ಊರಲ್ಲಿದ್ದ ನಮ್ಮವರ ಫೋನು ಎರಡು ದಿನ ಹತ್ತಲಿಲ್ಲ. ನನ್ನ ಹತ್ತಿರ ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸೂ ಇತ್ತು, ಕೈಯಲ್ಲಿ ಹಿಡಿಯುವ ರೇಡಿಯೋ ಸೆಟ್ಟೂ ಇತ್ತು. ಆದರೆ ಅದರಲ್ಲಿ ಮಾತು ಹೋಗುತ್ತದೆ, ಫೋಟೋ ಸುಲಭಕ್ಕೆ ಹೋಗುವುದಿಲ್ಲ. ಮೊಬೈಲ್ ಟವರ್ ಇಲ್ಲದೆ ರೇಡಿಯೋಗಳೇ ಒಂದಕ್ಕೊಂದು ಮಾಹಿತಿ ದಾಟಿಸುವ ಮೆಶ್ ನೆಟ್‌ವರ್ಕ್ ಕಟ್ಟುವ ಆಸೆ ಹುಟ್ಟಿದ್ದು ಆಗ.

ಬಾಗಲಕೋಟೆಯ ನವನಗರದಲ್ಲಿ ನಮ್ಮ ಮಾಳಿಗೆ. ಹಳೇ ಊರಲ್ಲಿ ಗೆಳೆಯನ ಮಾಳಿಗೆ. ನೇರ ಗೆರೆ ಎಳೆದರೆ 4 ಕಿ.ಮೀ. ಎರಡೂ ಕಡೆ ಒಂದೇ ಅಳತೆಯ ಡಿಶ್ ಕಟ್ಟಿ, ರೇಡಿಯೋಗಳಿಗೆ ಎಆರ್‌ಇಡಿಎನ್ ಫರ್ಮ್‌ವೇರ್ (ಅವನ್ನು ಮೆಶ್ ಆಗಿ ಜೋಡಿಸುವ, ಹ್ಯಾಮ್‌ಗಳ ತಂತ್ರಾಂಶ) ಹಾಕಿದೆವು. ಮೊದಲು 5.8 ಗಿಗಾಹರ್ಟ್ಸ್, ಆಮೇಲೆ 2.4.

ಫ್ರೀಕ್ವೆನ್ಸಿ ಕಡಿಮೆಯಾದಷ್ಟೂ ದೂರ ಹೋಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಅಲ್ವಾ? ಇಷ್ಟು ದೂರಕ್ಕೆ 2.4ರಲ್ಲಿ ದಾರಿಯಲ್ಲಿ ಆಗುವ ಸಿಗ್ನಲ್ ನಷ್ಟ ಸುಮಾರು 112 ಡಿಬಿ (ಡೆಸಿಬೆಲ್), 5.8ರಲ್ಲಿ 120. ಆದರೆ ಅದೇ ಡಿಶ್ 5.8ರಲ್ಲಿ ಅಷ್ಟೇ ಜಾಸ್ತಿ ಗೇನ್ ಕೊಡುತ್ತದೆ, ಅಂದರೆ ಸಿಗ್ನಲ್ಲನ್ನು ಒಂದೇ ದಿಕ್ಕಿಗೆ ಅಷ್ಟು ಹೆಚ್ಚು ಒಟ್ಟುಗೂಡಿಸುತ್ತದೆ. ಆಂಟೆನಾ ಗೇನ್ ಸೇರಿಸಿ ಹೊರಡುವ ಶಕ್ತಿಯನ್ನು ಎರಡರಲ್ಲೂ ಒಂದೇ ಇಟ್ಟರೆ, ಆ ಕಡೆ ಸಿಗುವ ಸಿಗ್ನಲ್ಲೂ ಒಂದೇ ಆಗಬೇಕು. ನಮ್ಮ ಲೆಕ್ಕಕ್ಕೆ ಬಂದದ್ದು ಮೈನಸ್ 55 ಡಿಬಿಎಂ (ಸಿಗ್ನಲ್ ಅಳತೆ, ಮೈನಸ್ ಅಂಕಿ ದೊಡ್ಡದಾದಷ್ಟೂ ಸಿಗ್ನಲ್ ಕಡಿಮೆ).

ಸಿಕ್ಕದ್ದು ಬೇರೆ. 2.4ರಲ್ಲಿ ಮೈನಸ್ 63, 5.8ರಲ್ಲಿ ಮೈನಸ್ 71. ಡಿಶ್ ತಿರುಗಿಸಿದೆವು, ಕನೆಕ್ಟರ್ ಬಿಚ್ಚಿ ಮತ್ತೆ ಹಾಕಿದೆವು, ಕೇಬಲ್ ಬದಲಿಸಿದೆವು. ಅರ್ಧ ದಿನ ಹೋಯಿತು. ಕೊನೆಗೆ ಗೆಳೆಯ ಡಿಶ್ ಹಿಂದೆ ಕೂತು, ಅದು ನೋಡುವ ದಿಕ್ಕಿಗೇ ನೋಡಿ, ‘ಲೇ, ಬೇವಿನ ಗಿಡದ ತುದಿ ಅಡ್ಡ ಬರ್ತೈತಿ ನೋಡು’ ಅಂದ. ಕಣ್ಣಿಗೆ ನವನಗರ ಕಾಣುತ್ತಿತ್ತು, ಅದಕ್ಕೇ ಮೋಸ ಹೋಗಿದ್ದೆವು. ರೇಡಿಯೋ ಅಲೆಗೆ ದಾರದಂಥ ಗೆರೆ ಸಾಲದು, ಅದರ ಸುತ್ತಲೂ ಜಾಗ ಬೇಕು. 4 ಕಿ.ಮೀ. ಲಿಂಕಿನ ನಟ್ಟನಡುವೆ 5.8ಕ್ಕೆ ಸುತ್ತ 7 ಮೀಟರ್, 2.4ಕ್ಕೆ 11 ಮೀಟರ್. ನಮ್ಮ ನಡುವೆ ಬರುವುದು ಹಿನ್ನೀರು, ಅಲ್ಲಿ ಏನೂ ಅಡ್ಡವಿಲ್ಲ. ತೊಂದರೆ ಇದ್ದದ್ದು ಗೆಳೆಯನ ಮನೆ ಮುಂದೆಯೇ. ಹಸಿ ಎಲೆಯಲ್ಲಿ ನೀರಿರುತ್ತದೆ, ಅದು 5.8 ಅನ್ನು ಇನ್ನೂ ಜಾಸ್ತಿ ನುಂಗುತ್ತದೆ.

‘ಗಿಡಕ್ಕ ಕೈ ಹಚ್ಚಬ್ಯಾಡ್ರಪ್ಪಾ’ ಅಂದರು ಗೆಳೆಯನ ಅವ್ವ. ನಮಗೂ ಆ ಮನಸ್ಸಿರಲಿಲ್ಲ. ಡಿಶ್ ಕಟ್ಟಿದ್ದ ಪೈಪು 10 ಅಡಿ ಎತ್ತರಿಸಿದೆವು. 5.8 ಮೈನಸ್ 58ಕ್ಕೆ ಬಂತು. ವೇಗ ಅಳೆಯುವ ಐಪರ್ಫ್ ಹಚ್ಚಿ ನೋಡಿದರೆ 14 ಇದ್ದ ವೇಗ 38 ಎಂಬಿಪಿಎಸ್. ಅವತ್ತಿನ ಖುಷಿ ಹೇಳತೀರದು.

2.4ರ ಸಿಗ್ನಲ್ಲೂ ಸುಧಾರಿಸಿತು, ಆದರೆ ರಾತ್ರಿ 9ಕ್ಕೆ ಲಿಂಕ್ ಕ್ವಾಲಿಟಿ (ಕಳಿಸಿದ್ದರಲ್ಲಿ ಸರಿಯಾಗಿ ಮುಟ್ಟಿದ್ದು ಶೇಕಡಾ ಎಷ್ಟು ಅನ್ನುವ ಅಂಕಿ) 98ರಿಂದ 60ಕ್ಕೆ ಇಳಿಯುತ್ತಿತ್ತು. ಸುತ್ತಲಿನ ಮನೆಗಳ ವೈಫೈ ಎಲ್ಲಾ ಅದೇ ಬ್ಯಾಂಡಿನಲ್ಲಿ. ಬೆಳಿಗ್ಗೆ ಮಾತ್ರ ಟೆಸ್ಟ್ ಮಾಡಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ.

ಗಿಡಮರ ಅಡ್ಡ ಇದ್ದಲ್ಲಿ ಅಮೆರಿಕದ ಹ್ಯಾಮ್‌ಗಳು 900 ಮೆಗಾಹರ್ಟ್ಸ್ ಬಳಸುತ್ತಾರೆ. ನಮ್ಮಲ್ಲಿ ಅದು ಮೊಬೈಲ್ ಕಂಪನಿಗಳ ಜಾಗ, ಮುಟ್ಟುವ ಹಾಗಿಲ್ಲ. ಲೈಸೆನ್ಸ್ ಬೇಡದ 865–867ರಲ್ಲಿ ಮೆಶ್‌ಟಾಸ್ಟಿಕ್ (ಮೆಸೇಜ್ ಕಳಿಸುವ ಮೆಶ್ ತಂತ್ರಾಂಶ) ಹಾಕಿದ ಪುಟ್ಟ ಲೋರಾ ಬೋರ್ಡ್ ಇಟ್ಟೆವು; ಲೋರಾ ಅಂದರೆ ಕಡಿಮೆ ಶಕ್ತಿಯಲ್ಲಿ ನಿಧಾನವಾಗಿ, ಆದರೆ ದೂರ ಹೋಗುವ ರೇಡಿಯೋ. ಪೈಪಿನ ಬುಡದಲ್ಲಿ, ಗಿಡದ ಮರೆಯಲ್ಲಿದ್ದರೂ ಮೆಸೇಜ್ ಹೋಗುತ್ತದೆ. ವೇಗ ಸೆಕೆಂಡಿಗೆ ಸುಮಾರು 1 ಕಿಲೋಬಿಟ್, ಫೋಟೋದ ಮಾತೇ ಇಲ್ಲ. ಆದರೆ ‘ನಾವು ಆರಾಮ ಅದೀವಿ’ ಅಂತ ತಿಳಿಸಲು ಅಷ್ಟು ಸಾಕು.

ಈಗ ಫೋಟೋ, ಕಡತಕ್ಕೆ 5.8. ಮೆಸೇಜಿಗೆ ಲೋರಾ. 2.4 ಡಿಶ್ ಇಳಿಸಿದ್ದೇವೆ. ಬೆಳಿಗ್ಗೆ 7ಕ್ಕೆ, ರಾತ್ರಿ 9ಕ್ಕೆ ಇಬ್ಬರೂ ರೀಡಿಂಗ್ ಬರೆದಿಡುತ್ತೇವೆ. ಮಳೆ ಬಂದು ಹೋದ ಮೇಲೆ ಇನ್ನೊಂದು ಸಲ.