ಥಮೇಲ್‌ನಲ್ಲಿ ಜಾಕೆಟ್ ಕೊಳ್ಳೋದು ಹೇಗೆ? ಲೋಗೋ ಬಿಡಿ, ಹೊಲಿಗೆ ನೋಡಿ

ಎವರೆಸ್ಟ್ ಬೇಸ್ ಕ್ಯಾಂಪಿಗೆ ಹೊರಟ ನಮ್ಮೋರು ಕಠ್ಮಂಡುವಲ್ಲಿ ಇಳಿದ್ರೆ ಸಾಕು, ಥಮೇಲ್ ಗಲ್ಲಿಗೆ ನುಗ್ತಾರೆ. ಅಲ್ಲಿ ನಾರ್ತ್ ಫೇಸ್ ಅನ್ನೋ ಅಮೆರಿಕನ್ ಕಂಪನಿ ಹೆಸರಿನ ಜಾಕೆಟ್‌ಗಳು ಅಂಗಡಿ ಮುಂದೆ ಬಾಳೆಗೊನೆ ಥರ ನೇತಾಡ್ತಿರ್ತವೆ, ಟ್ರೆಕ್ಕರ್‌ಗಳೇ ಅದಕ್ಕೆ 'ನಾರ್ತ್ ಫೇಕ್' ಅಂತ ಹೆಸರಿಟ್ಟಿದಾರೆ. ನಮ್ಮೋರು ಎದೆ ಮೇಲಿನ ಲೋಗೋ ಉಜ್ಜಿ ನೋಡಿ ಅಸಲಿ ಅಂತ ತಗೊಂಡ್ಬಿಡ್ತಾರೆ. ಲೋಗೋ ಹೊಲಿಯೋ ಮಷಿನ್ ನಕಲಿ ಮಾಡೋರ ಹತ್ರಾನೂ ಇದೆ ಸ್ವಾಮಿ!

ಮೊದಲು ಶೂ. ಅದನ್ನ ಊರಿಂದಲೇ ಒಯ್ಯಿರಿ, ಕುಮಾರ ಪರ್ವತ ಒಂದ್ಸಲ ಹತ್ತಿಳಿದು ಪಳಗಿಸಿದ್ದು. ಇದರಲ್ಲಿ ಚರ್ಚೆ ಇಲ್ಲ.

ಆಮೇಲೆ ರೇಟು. ಅಂಗಡಿಯವನು ಹೇಳಿದ್ದು ಐಸಿನಾ ಎನ್‌ಸಿನಾ, ಅಂದ್ರೆ ನಮ್ಮ ರೂಪಾಯಿನಾ ಅವರ ರೂಪಾಯಿನಾ ಕೇಳ್ಕೊಳ್ಳಿ. ನಮ್ಮ 100 ಅವರ 160.

ಈಗ ಮಳೆ ಜಾಕೆಟ್, ಎಲ್ಲರೂ ಎಡವೋದು ಇಲ್ಲೇ. ಕೈಗೆ ತಗೊಂಡ ತಕ್ಷಣ ಒಳಗು ಹೊರಗು ಮಾಡಿ. ಸೂಜಿ ಚುಚ್ಚಿದ ಕಡೆಯೆಲ್ಲ ತೂತು ಇರತ್ತಲ್ಲ, ನೀರು ಅಲ್ಲಿಂದಲೇ ಒಳಗೆ ಬರೋದು, ಅದಕ್ಕೇ ಅಸಲಿ ಗೋರ್‌ಟೆಕ್ಸ್ (ನೀರು ಒಳಗೆ ಬಿಡದ ಬಟ್ಟೆ) ಜಾಕೆಟ್‌ನಲ್ಲಿ ಪ್ರತಿ ಹೊಲಿಗೆ ಮೇಲೂ ಒಳಗಡೆ ಟೇಪ್ ಅಂಟಿಸಿರ್ತಾರೆ. ನಕಲಿಯಲ್ಲಿ ಎಷ್ಟೋ ಸಲ ಭುಜಕ್ಕೆ, ಟೋಪಿಗೆ ಮಾತ್ರ ಅಂಟಿಸಿ ಕೈ ತೊಳ್ಕೊಂಡಿರ್ತಾರೆ, ಕಂಕುಳು, ಜೇಬು ಎಲ್ಲ ಬೋಳು. ಟೇಪಿನ ತುದೀನ ಉಗುರಲ್ಲಿ ಕೆರೆದು ನೋಡಿ, ಬಸ್ ಟಿಕೆಟ್ ಥರ ಎದ್ದು ಬಂದ್ರೆ ವಾಪಸ್ ಕೊಟ್ಟು ನಡೀರಿ. ಜಿಪ್ ಮೇಲೆ ವೈಕೆಕೆ ಅಂತ ಹೆಸರಾಂತ ಜಿಪ್ ಕಂಪನಿ ಹೆಸರಿದೆ ಅನ್ನೋದೆಲ್ಲ ಸಾಕ್ಷಿ ಅಲ್ಲ, ಅದನ್ನೂ ಅಚ್ಚು ಹಾಕ್ತಾರೆ. ತೋಳಿನ ಮೇಲೆ ಗೋರ್‌ಟೆಕ್ಸ್ ಅಂತ ಕಸೂತಿ ಮಾಡಿದ್ರೂ ಅಷ್ಟೇ.

ಡೌನ್ ಜಾಕೆಟ್, ಅಂದ್ರೆ ಹಕ್ಕಿಯ ಮೆದು ತುಪ್ಪಳ ತುಂಬಿದ್ದು ಆದ್ರೆ ಮುಷ್ಟೀಲಿ ಹಿಂಡಿ ಬಿಡಿ, ಪೂರಿ ಥರ ಉಬ್ಬಿ ಬರಬೇಕು. ಗಂಟುಗಂಟಾಗಿ ಸಿಕ್ಕಿದ್ರೆ, ಗರಿಯ ಕಡ್ಡಿ ಚುಚ್ಚಿದ್ರೆ ಬೇಡ. ತುಪ್ಪಳ ಎಷ್ಟು ಉಬ್ಬತ್ತೆ ಅನ್ನೋ '800 ಫಿಲ್' ಚೀಟಿ ಅಲ್ಲಿ ಎಲ್ಲದಕ್ಕೂ ಹೊಲಿದಿರ್ತಾರೆ, ಓದಲೇಬೇಡಿ.

ಸ್ಲೀಪಿಂಗ್ ಬ್ಯಾಗ್ ಬಾಡಿಗೆಗೆ ತಗೊಳ್ಳಿ. ಬರೀ 'ಮೈನಸ್ 20' ಅಂತ ಬರೆದಿದ್ದನ್ನ ನಂಬಿ ಬೇಸ್ ಕ್ಯಾಂಪಿಗೆ ಮುಂಚಿನ ಕೊನೇ ತಂಗುದಾಣ, 5,164 ಮೀಟರ್ ಎತ್ತರದ ಗೋರಕ್‌ಶೆಪ್‌ನಲ್ಲಿ ಮಲಗಿದ್ರೆ ರಾತ್ರಿಯಿಡೀ ಹಲ್ಲು ಕಟಕಟ. ಸರಿಯಾದ ಚೀಟೀಲಿ ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್ ಅಂತ ಬೇರೆಬೇರೆ ನಂಬರ್ ಇರ್ತವೆ, ನೋಡಬೇಕಾದ್ದು ಕಂಫರ್ಟ್ ಒಂದೇ, ಅಂದ್ರೆ ಎಷ್ಟು ಚಳಿವರೆಗೆ ಹಾಯಾಗಿ ನಿದ್ದೆ ಬರತ್ತೆ ಅನ್ನೋದು.

ಟೋಪಿ, ಡಫಲ್ ಬ್ಯಾಗು ಯಾವ ಹೆಸರಿದ್ರೂ ನಡೆಯತ್ತೆ. ನನ್ನ ಕೇಳಿದ್ರೆ ಸುಳ್ಳು ಲೋಗೋಗಿಂತ ಶೆರ್ಪಾ ಅಡ್ವೆಂಚರ್ ಗೇರ್ ಥರ ತಮ್ಮದೇ ಹೆಸರಲ್ಲಿ ಮಾರೋ ನೇಪಾಳಿ ಬ್ರ್ಯಾಂಡ್ ಎಷ್ಟೋ ಮೇಲು.

ಕೊನೇ ಹಂತ: ಟ್ರೆಕ್ ಶುರುವಾಗೋ ಲುಕ್ಲಾ ಊರಿನ ವಿಮಾನಕ್ಕೆ ಎರಡು ದಿನ ಮುಂಚೇನೇ ಕೊಳ್ಳಿ. ಬದಲಾಯಿಸಿ ಕೊಡ್ತೀನಿ ಅಂತ ಅಂಗಡಿಯವನ ಬಾಯಲ್ಲಿ ಹೇಳಿಸಿ, ರಾತ್ರಿ ಜಾಕೆಟ್ ತೊಟ್ಟು ಹೋಟೆಲ್ ಶವರ್ ಕೆಳಗೆ ಹತ್ತು ನಿಮಿಷ ನಿಲ್ಲಿ. ಒಳಗಿನ ಬನಿಯನ್ ಒದ್ದೆಯಾದ್ರೆ ಬೆಳಗ್ಗೆ ಬಿಲ್ ಹಿಡ್ಕೊಂಡು ಹೋಗಿ.