ದಾವಣಗೆರೆಯ ಬಿಸಿಲಿನಲ್ಲಿ ಹೈಡನ್‌ನ ಸಿ ಮೇಜರ್ ಚೆಲ್ಲೊ ಕನ್ಚೆರ್ಟೊ ಅಭ್ಯಾಸ

ಆಸ್ಟ್ರಿಯಾದ ಸಂಗೀತಕಾರ ಹೈಡನ್ ಒಂಟಿ ಚೆಲ್ಲೊ ಮತ್ತು ವಾದ್ಯವೃಂದಕ್ಕೆ ಬರೆದ ಈ ಕೃತಿಯನ್ನು ಕೈಗೆತ್ತಿಕೊಳ್ಳುವವರು ಬೆರಳಿಗಿಂತ ಮೊದಲು ಶ್ರುತಿ ನೋಡಬೇಕು. ಪಿಟೀಲಿನ ಬಳಗದ ದೊಡ್ಡ ವಾದ್ಯವಾದ ಚೆಲ್ಲೊದ ತಂತಿಗಳು ಸಿ, ಜಿ, ಡಿ, ಎ. ಸಿ ಮೇಜರ್‌ನಲ್ಲಿ, ಅಂದರೆ ಸಿ ಸ್ವರವನ್ನೇ ಆಧಾರವಾಗಿಟ್ಟ ಸ್ವರಶ್ರೇಣಿಯಲ್ಲಿ, ನುಡಿಸುವಾಗ ಕೆಳಗಿನ ಸಿ, ಜಿ ತಂತಿಗಳು ಬಿಲ್ಲು ತಾಗದಿದ್ದರೂ ಅನುರಣಿಸುತ್ತವೆ. ಕೃತಿಯ ತುಂಬು ನಾದಕ್ಕೆ ಅದೇ ಆಧಾರ. ಅವು ಕೂದಲೆಳೆಯಷ್ಟು ಇಳಿದರೂ ಬೆರಳು ಸರಿಯಾಗಿ ಒತ್ತಿದ ಸ್ವರವೂ ಮಂಕಾಗುತ್ತದೆ.

ನಮ್ಮಲ್ಲಿ ಬೇಸಿಗೆಯ ಒಣಹವೆಗೆ ಮರ ಕುಗ್ಗಿ ಬಿರಡೆ ಜಾರುತ್ತದೆ, ಮಳೆಗಾಲದಲ್ಲಿ ಉಬ್ಬಿ ಕಚ್ಚಿಕೊಳ್ಳುತ್ತದೆ. ಜಾರುವ ಬಿರಡೆ ತೆಗೆದು, ಅದರ ಮೇಲೆ ಸವೆದು ಹೊಳೆಯುವ ಎರಡು ಪಟ್ಟಿಗಳಿಗೆ ತೆಳುವಾಗಿ ಸೀಮೆಸುಣ್ಣ ತೀಡಿ, ಒಳಕ್ಕೆ ಒತ್ತುತ್ತಾ ತಿರುಗಿಸಿ. ಒಂದು ಸಲಕ್ಕೆ ಒಂದೇ ತಂತಿ ಸಡಿಲಿಸಿ. ನಾಲ್ಕನ್ನೂ ಬಿಟ್ಟರೆ ತಂತಿಗಳನ್ನು ಹೊತ್ತ ಬ್ರಿಡ್ಜ್ ಉರುಳುತ್ತದೆ, ವಾದ್ಯದೊಳಗೆ ನಿಲ್ಲಿಸಿದ ಮರದ ಕಡ್ಡಿ, ಸೌಂಡ್‌ಪೋಸ್ಟ್ ಕೂಡ ಬೀಳಬಹುದು. ವಾದ್ಯವಿರುವ ಕೋಣೆಯ ತೇವಾಂಶ ಶೇ. 40ರಿಂದ 60ರೊಳಗಿರಲಿ. ನಿಲ್ಲಿಸಿದ ಕಾರಿನಲ್ಲಿ, ತಗಡಿನ ಮಾಡಿನ ಕೆಳಗೆ ಇಡಲೇಬೇಡಿ. ಬಿಸಿಗೆ ಅಂಟು ಮೆತ್ತಗಾಗಿ ಜೋಡಣೆ ಬಿಡುತ್ತದೆ. ಗ್ರಾನೈಟ್ ನೆಲದಲ್ಲಿ ಚೆಲ್ಲೊವನ್ನು ನೆಲಕ್ಕೆ ಊರುವ ಮೊಳೆ ಜಾರುವುದರಿಂದ ಅದನ್ನು ತಡೆಯಲು ಕುರ್ಚಿಯ ಕಾಲಿಗೆ ಕಟ್ಟುವ ಪಟ್ಟಿ ಬೇಕು.

ಹೈಡನ್ ಇದನ್ನು ಸುಮಾರು 1761–65ರಲ್ಲಿ ಎಸ್ಟರ್‌ಹಾಜಿ ಎಂಬ ಶ್ರೀಮಂತ ಮನೆತನದ ಆಸ್ಥಾನದ ಚೆಲ್ಲೊ ವಾದಕ ಯೋಸೆಫ್ ವೈಗ್ಲ್‌ಗಾಗಿ ಬರೆದ. ಪ್ರತಿ ಕಣ್ಮರೆಯಾಗಿ 1961ರಲ್ಲಿ ಪ್ರಾಗ್‌ನಲ್ಲಿ ಸಿಕ್ಕಿತು. ವಾದ್ಯವೃಂದ ಚಿಕ್ಕದು: ಊದುವ ವಾದ್ಯಗಳಾದ ಎರಡು ಓಬೋ, ಎರಡು ಹಾರ್ನ್, ತಂತಿವಾದ್ಯಗಳು. ಆದ್ದರಿಂದ ಬಿಲ್ಲನ್ನು ಅದುಮಿ ದನಿ ಹೆಚ್ಚಿಸಬೇಕಿಲ್ಲ.

ಏಕವಾದಕನ ಪ್ರವೇಶ ಸಿ-ಜಿ-ಇ-ಸಿ ಎಂಬ ನಾಲ್ಕು ಸ್ವರಗಳ ಕಾರ್ಡ್‌ನಿಂದ, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛದಿಂದ. ಕೆಳಗಿನೆರಡು ಬಿಡಿತಂತಿ, ಬೆರಳು ಒತ್ತಬೇಕಿಲ್ಲ. ಡಿ ತಂತಿಯಲ್ಲಿ ಮೊದಲ ಬೆರಳು, ಎ ತಂತಿಯಲ್ಲಿ ಎರಡನೆಯದು. ಕೆಳಗಿನ ಜೋಡಿಯನ್ನು ಚುಟುಕಾಗಿ ಮುಟ್ಟಿ ಮೇಲಿನ ಜೋಡಿಗೆ ದಾಟಿ. ದಾಟಿಸುವುದು ಮಣಿಕಟ್ಟಲ್ಲ, ಇಡೀ ತೋಳು. ಕರಕರ ಸದ್ದು ಬಂದರೆ ಬಿಲ್ಲು ಚಲಿಸುವ ಮೊದಲೇ ಭಾರ ಹೇರಿದ್ದೀರಿ ಎಂದರ್ಥ.

ಹೆಚ್ಚಿನವರು ಎಡವುವುದು ಚುಕ್ಕೆ ಲಯದಲ್ಲಿ, ಅಂದರೆ ಉದ್ದ ಸ್ವರದ ಬೆನ್ನಿಗೆ ಗಿಡ್ಡ ಸ್ವರ ಬರುವ ಲಯದಲ್ಲಿ. ಬಡಿತ ಎಣಿಸುವ ಮೆಟ್ರೊನೋಮನ್ನು ನಿಮಿಷಕ್ಕೆ 60ಕ್ಕಿಟ್ಟು ಪ್ರತಿ ಬಡಿತಕ್ಕೂ ತಕದಿಮಿ ಹೇಳಿಕೊಳ್ಳಿ. ಉದ್ದ ಸ್ವರಕ್ಕೆ ‘ತಕದಿ’, ಗಿಡ್ಡದ್ದಕ್ಕೆ ‘ಮಿ’. ಕೈ ಸೋತಾಗ ಇದು ತಿಳಿಯದೆಯೇ ತಕಿಟಕ್ಕೆ, ಬಡಿತಕ್ಕೆ ಮೂರೇ ಪಾಲಿಗೆ, ಜಾರುತ್ತದೆ, ಆಗ ಹೈಡನ್‌ನ ಗಾಂಭೀರ್ಯವೇ ಹೋಗಿಬಿಡುತ್ತದೆ. ಮೂರು ಸಲ ಸ್ವಚ್ಛವಾಗಿ ಬಂದ ಮೇಲಷ್ಟೇ ನಾಲ್ಕು ಬಡಿತ ಏರಿಸಿ.

ನಿಧಾನಗತಿಯ ಎರಡನೆಯ ಭಾಗ ಅಡಾಜಿಯೊ ಎಫ್ ಮೇಜರ್‌ನಲ್ಲಿದೆ. ಅದರಲ್ಲೂ ಕೊನೆಯ ಭಾಗವಾದ ಬಲು ವೇಗದ ಅಲೆಗ್ರೊ ಮೊಲ್ಟೊದಲ್ಲೂ ಚೆಲ್ಲೊ ದೀರ್ಘಸ್ವರ ಹಿಡಿದೇ ಒಳಬರುತ್ತದೆ. ಮೊದಲ ಕ್ಷಣದಲ್ಲೇ ಬಿಲ್ಲು ಖರ್ಚಾದರೆ ಆ ಸ್ವರ ಸೊರಗುತ್ತದೆ, ಅಲೆಗ್ರೊದಲ್ಲಿ ಅದರ ಬೆನ್ನಿಗೇ ಬರುವ ಸ್ವರಗಳ ಓಟವೂ ತೊಡರುತ್ತದೆ.

ಜೊತೆಗೆ ಕೀಬೋರ್ಡ್ ಇದ್ದರೆ ಎ ತಂತಿ 220 ಹರ್ಟ್ಸ್, ಅಂದರೆ 440ರ ಎ ಸ್ವರಕ್ಕೆ ಒಂದು ಸಪ್ತಕ ಕೆಳಗೆ. ಹಾರ್ಮೋನಿಯಂ ಆದರೆ ಅದರ ಶ್ರುತಿಗೇ ಚೆಲ್ಲೊ ಕೂಡಿಸಿ. ಧ್ವನಿಮುದ್ರಿತ ವಾದ್ಯವೃಂದ ಬಳಸುವಾಗ, ಎ ಸ್ವರವನ್ನು 440ರ ಬದಲು 415 ಹರ್ಟ್ಸ್‌ಗೆ ಕೂಡಿಸಿದ ಪ್ರತಿಯನ್ನು ಬಿಟ್ಟುಬಿಡಿ, ಅದು ಅರ್ಧ ಸ್ವರ ಕೆಳಗಿರುತ್ತದೆ.